ಟ್ಯಾಂಕು ತುಂಬಿದ ಸದ್ದು

ಇವತ್ತು ಬೆಳಗ್ಗೆ ಕಾಫಿ ಲೋಟ ಕೈಗೆ ಬರುವುದಕ್ಕೂ ತಾರಸಿಯ ಟ್ಯಾಂಕು ತುಂಬಿ ಹರಿಯುವುದಕ್ಕೂ ಸರಿಹೋಯಿತು. ಪೈಪಿನಿಂದ ನೀರು ಸಿಮೆಂಟಿನ ನೆಲಕ್ಕೆ ದಬದಬ ಬೀಳತೊಡಗಿತು. ಮೋಟರಿನ ಸ್ವಿಚ್ಚು ನನ್ನ ಕುರ್ಚಿಯ ಹಿಂದೆಯೇ ಇದೆ, ಕೈ ಚಾಚಿದರೆ ಸಾಕು. ನಾನು ಚಾಚಲಿಲ್ಲ. ಒಳಗಿನಿಂದ ಹೆಂಡತಿ, "ಆ ಸೆನ್ಸರ್ ಕೆಟ್ಟು ಎಷ್ಟು ದಿನ ಆಯ್ತು, ಎಲೆಕ್ಟ್ರಿಷಿಯನ್‌ಗೆ ಹೇಳ್ರೀ ಅಂದ್ರೆ ಹೇಳಲ್ಲ" ಅಂದಳು. "ಹೇಳಿದ್ದೀನಿ ಕಣೇ, ಬರ್ತೀನಿ ಅಂದಿದ್ದಾನೆ" ಅಂದೆ. ನಿಜವಾಗಿ ನಾನು ಯಾರಿಗೂ ಹೇಳಿಲ್ಲ. ಜನ ಟ್ಯಾಂಕರ್ ಲಾರಿಯ ಹಿಂದೆ ಓಡುವ ಊರಿನಲ್ಲಿ ಹೀಗೆ ನೀರು ಚೆಲ್ಲುವವನನ್ನು ನೀವು ಬೈದುಕೊಳ್ಳುತ್ತಿರಬಹುದು. ಬೈಯಿರಿ, ಆದರೆ ಕತೆ ಮುಗಿಯುವ ತನಕ ಜೊತೆಗಿರಿ.

ನಮ್ಮದು ಬೇಗೂರಿನ ಹಳೆಯ ಕ್ರೈಸ್ತ ಕುಟುಂಬ. ತಾತ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ನಾವು ಬಾಡಿಗೆ ಮನೆ ಬೆಳೆಯುತ್ತೇವೆ. ಅಪ್ಪ ಇದ್ದ ಜಾಗದಲ್ಲಿ ಒಂದು ಭಾಗ ನನಗೆ, ಪಕ್ಕದ್ದು ಅಕ್ಕ ಆರೋಗ್ಯಮ್ಮನಿಗೆ ಕೊಟ್ಟರು. ಗೋಡೆಗೆ ಗೋಡೆ ಅಂಟಿದ ಎರಡು ಮನೆ, ಇಬ್ಬರಿಗೂ ಒಂದೇ ಬೋರ್‌ವೆಲ್. ಅದನ್ನು ಹಂಚಿದ ರೀತಿ ಮಾತ್ರ ವಿಚಿತ್ರ. ಮೋಟರಿನ ಸ್ವಿಚ್ಚು ನಮ್ಮ ಮನೆಯೊಳಗೆ, ಟ್ಯಾಂಕು ಅಕ್ಕನ ತಾರಸಿಯ ಮೇಲೆ. ತುಂಬಿದ್ದು ಅವಳಿಗೆ ಕಾಣುತ್ತದೆ, ನಿಲ್ಲಿಸುವುದು ನನ್ನ ಕೈಯಲ್ಲಿದೆ. ಹಾಗಾಗಿ ಬೆಳಗಾದರೆ ಅಕ್ಕ ತಾರಸಿಯ ಅಂಚಿಗೆ ಬಂದು, "ಲೋ, ಮೋಟರ್ ಆಫ್ ಮಾಡೋ! ಹರೀತಿದೆ!" ಎಂದು ಕೂಗುವುದು, ನಾನು "ಮಾಡ್ದೆ, ಮಾಡ್ದೆ" ಅನ್ನುವುದು. ಆ ಕೂಗಿಗೆ ಬಾಡಿಗೆದಾರರ ಮಕ್ಕಳು ಸ್ಕೂಲಿಗೆ ಏಳುತ್ತಿದ್ದರು. ಅರೆಕೆರೆಗೂ ಕೇಳಿಸುತ್ತದೆ ಎಂದು ಭಾವ ಇನ್ನಾಸಪ್ಪ ಹೇಳುತ್ತಿದ್ದರು.

ಭಾವ ಮೆತ್ತಗಿನ ಮನುಷ್ಯ. ಅಕ್ಕ ಹತ್ತು ಮಾತಾಡಿದರೆ ಅವರದು ಒಂದು, ಅದೂ ಹೆಚ್ಚಾಗಿ "ಹೂಂ." ಒಂದು ಬೆಳಗ್ಗೆ ಅಕ್ಕ ಎಂದಿನಂತೆ ತಾರಸಿಯಲ್ಲಿ ನಿಂತು ಕೂಗಿ, ಕೆಳಗಿಳಿದು ಕಾಫಿ ಹಿಡಿದುಕೊಂಡು ಕೋಣೆಗೆ ಹೋದರೆ ಭಾವ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು ಎಂದು ಡಾಕ್ಟರು ಹೇಳಿದರು. ಮಣ್ಣು ಮಾಡಿ ಬಂದ ದಿನ ಅಕ್ಕ ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

ದುಃಖ, ತಾನೇ ಸರಿಹೋಗುತ್ತದೆ ಅಂದುಕೊಂಡೆವು. ವಾರ ತಿಂಗಳಾಯಿತು, ತಿಂಗಳು ತಿಂಗಳುಗಳಾದವು. ಅಡುಗೆ ಮಾಡುತ್ತಿದ್ದಳು, ಚರ್ಚಿನ ಪೂಜೆಗೆ ಬರುತ್ತಿದ್ದಳು, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು, ಅಷ್ಟೇ. ಜಯನಗರದ ಗಂಟಲು ಡಾಕ್ಟರು ಟಾರ್ಚು ಬಿಟ್ಟು ನೋಡಿ ಏನೂ ಇಲ್ಲ ಅಂದರು. ಜೆ.ಪಿ. ನಗರದ ಕೌನ್ಸೆಲರ್ ಹುಡುಗಿಯ ಎದುರು ಅಕ್ಕ ಅರ್ಧ ಗಂಟೆ ಸುಮ್ಮನೆ ಕೂತು, ಅವಳನ್ನೇ ಅಳಿಸಿ ಬಂದಳು. ದೇವಸ್ಥಾನದ ಹತ್ತಿರ ಹೂ ಮಾರುವ ಲಕ್ಷ್ಮಕ್ಕ, "ನಮ್ಮ ನಾಗೇಶ್ವರನಿಗೂ ಒಂದು ಮಾತು ಹೇಳಿದ್ದೀನಿ ಬಿಡಿ ಅಣ್ಣ" ಅಂದಳು. ಟ್ಯಾಂಕು ತುಂಬಿ ಹರಿದರೂ ಕೂಗುವವರಿಲ್ಲದೆ ಒಂದು ದಿನ ಅಕ್ಕನ ಮೆಟ್ಟಿಲೆಲ್ಲ ನೀರಾದಾಗ, ನನ್ನ ಹೆಂಡತಿ ಟ್ಯಾಂಕು ತುಂಬಿದಾಗ ಮೋಟರನ್ನು ತಾನಾಗಿಯೇ ನಿಲ್ಲಿಸುವ ಸೆನ್ಸರ್ ಹಾಕಿಸಿದಳು. ಅದನ್ನು ಹಾಕಿದ ದಿನ ನನಗೆ ಭಯವಾಯಿತು. ಅಕ್ಕ ಇನ್ನು ಮಾತಾಡುವುದೇ ಇಲ್ಲ ಎಂದು ಮನೆಯೇ ಒಪ್ಪಿಕೊಂಡ ಹಾಗಿತ್ತು.

ಆಗ ಚರ್ಚಿನಲ್ಲಿ ಧ್ಯಾನಕೂಟದ ಪ್ರಕಟಣೆ ಆಯಿತು. ಕರಾವಳಿಯಲ್ಲಿ ಹೊಳೆ ಸಮುದ್ರ ಸೇರುವ ಕಡೆ ಒಂದು ದ್ವೀಪ, ಅಲ್ಲಿಯವರು ಕುದ್ರು ಅನ್ನುತ್ತಾರೆ. ಸೇತುವೆ ಇಲ್ಲ, ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಮೂರು ದಿನ ಪೂರ್ತಿ ಮೌನ. ಹೆಂಡತಿ ನಕ್ಕಳು. "ಮಾತು ಬಿಟ್ಟವರನ್ನ ಮೌನಕ್ಕೆ ಕರ್ಕೊಂಡು ಹೋಗ್ತೀರಾ?" ಆದರೆ ನನಗೆ, ಎಲ್ಲರೂ ಸುಮ್ಮನಿರುವ ಜಾಗದಲ್ಲಿ ಮೂರು ದಿನವಾದರೂ ಅಕ್ಕನನ್ನು ಯಾರೂ "ಮಾತಾಡಮ್ಮ" ಎಂದು ಪೀಡಿಸುವುದಿಲ್ಲವಲ್ಲ ಅನಿಸಿತು. ಕೇಳಿದೆ. ಅಕ್ಕ ತಲೆಯಾಡಿಸಿದಳು.

ದೋಣಿಯಿಂದ ಇಳಿದ ಮೇಲೆ ಮೌನದಿಂದ ನರಳಿದವನು ನಾನು. ವಾಚಾಳಿತನ ನಮ್ಮ ಮನೆತನದ್ದು, ಅಕ್ಕ ಬಿಟ್ಟ ಪಾಲನ್ನೂ ನಾನೇ ಆಡಿಕೊಂಡಿದ್ದೆ. ಊಟದಲ್ಲಿ ಮೀನಿನ ಸಾರು ಸಖತ್ತಾಗಿದ್ದರೂ ಹೇಳುವಂತಿಲ್ಲ. ಎದುರಿಗೆ ಕೂತವರು ಬಿ.ಟಿ.ಎಂ. ಲೇಔಟಿನಲ್ಲಿ ಎಲ್ಲೋ ನೋಡಿದ ಮುಖ, ಕೇಳುವಂತಿಲ್ಲ. ಮಾತಿಗೆ ಅವಕಾಶವಿದ್ದದ್ದು ಪಾಪನಿವೇದನೆಯಲ್ಲಿ ಮಾತ್ರ, ಹಾಗಾಗಿ ಮೊದಲ ದಿನವೇ ಹೋಗಿ ಮೊಣಕಾಲೂರಿದೆ. ಅಕ್ಕನ ವಿಷಯ, ಸೆನ್ಸರಿನ ವಿಷಯ, ಎರಡನೇ ಮಹಡಿಯ ಬಾಡಿಗೆದಾರರ ನಾಯಿಯ ವಿಷಯ ಎಲ್ಲ ಹೇಳಿದೆ. ವಯಸ್ಸಾದ ಫಾದರ್ ತಾಳ್ಮೆಯಿಂದ ಕೇಳಿ, "ಇದರಲ್ಲಿ ಪಾಪ ಯಾವುದು?" ಅಂದರು. ಹುಡುಕಿದೆ, ಸಮಯಕ್ಕೆ ಒಂದೂ ಸಿಗಲಿಲ್ಲ. "ನಾಳೆ ಬರ್ತೀನಿ ಫಾದರ್" ಎಂದು ಎದ್ದು ಬಂದೆ.

ಅಕ್ಕ ಮಾತ್ರ ಅಲ್ಲಿ ಹಗುರಾಗಿದ್ದಳು. ತೆಂಗಿನ ಮರದ ಕೆಳಗೆ ಕೂತು ಜಪಸರ ಎಣಿಸುತ್ತಾ ದೋಣಿಗಳನ್ನು ನೋಡುತ್ತಿದ್ದಳು. ನೋಡಿ ಸಮಾಧಾನವೂ ಆಯಿತು, ದಿಗಿಲೂ ಆಯಿತು. ಇವಳಿಗೆ ಈ ಮೌನ ಹಿಡಿಸಿಬಿಟ್ಟರೆ ಏನು ಗತಿ ಎಂದು.

ಕೊನೆಯ ದಿನ ಮಧ್ಯಾಹ್ನ ಎಲ್ಲರೂ ಪ್ರಾರ್ಥನಾಮಂದಿರದಲ್ಲಿ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದೆವು. ಅನ್ನ, ಮೀನು, ಸಮುದ್ರದ ಗಾಳಿ. ನನ್ನ ಧ್ಯಾನ ಬಹಳ ಬೇಗ ನಿದ್ದೆಯಾಯಿತು. ಇದ್ದಕ್ಕಿದ್ದಂತೆ ಕಿವಿಯ ಪಕ್ಕದಲ್ಲೇ, "ಲೋ, ಮೋಟರ್ ಆಫ್ ಮಾಡೋ! ಹರೀತಿದೆ ಕಣೋ!" ಎಂಬ ಕೂಗು. "ಮಾಡ್ದೆ, ಮಾಡ್ದೆ" ಅನ್ನುತ್ತಾ ದಡಬಡ ಎದ್ದು ಗೋಡೆಯ ಮೇಲೆ ಸ್ವಿಚ್ಚು ತಡಕಿದೆ. ಕೈಗೆ ಸಿಕ್ಕಿದ್ದು ಗೋಡೆಗೆ ಸಾಲಾಗಿ ತೂಗುಹಾಕಿದ್ದ, ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಚಿತ್ರಗಳಲ್ಲಿ ಒಂದು. ಅದು ಮೊಳೆಯಿಂದ ಕಳಚಿ ನನ್ನ ಕೈಗೇ ಬಂತು.

ಕಣ್ಣು ಪೂರ್ತಿ ಬಿಟ್ಟೆ. ಕೂಟಕ್ಕೆ ಕೂಟವೇ ನಮ್ಮನ್ನು ನೋಡುತ್ತಿತ್ತು. ಅಕ್ಕ ಬೆಂಚಿನಿಂದ ಎದ್ದು ನಿಂತು, ತಾನು ಕೂಗಿದ್ದು ತನಗೇ ನಂಬಿಕೆಯಾಗದವಳಂತೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಹಿಂದಿನಿಂದ ನಿಜವಾಗಿಯೂ ನೀರು ಬೀಳುವ ಸದ್ದು, ನಮ್ಮ ಟ್ಯಾಂಕಿನದೇ ದಬದಬ. ಉಬ್ಬರ ಹೆಚ್ಚಾದ ದಿನ ಹೊಳೆಯ ನೀರು ಹಿತ್ತಲ ಗೋಡೆಯ ಕಿಂಡಿಯಿಂದ ನುಗ್ಗಿ ಕಲ್ಲುಹಾಸಿನ ಮೇಲೆ ಸುರಿಯುತ್ತದಂತೆ. ಫಾದರ್ ನಿಧಾನವಾಗಿ ನಮ್ಮ ಬೆಂಚಿಗೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಅಮ್ಮ, ಇಲ್ಲಿ ಮೋಟರ್ ಇಲ್ಲ. ಅದು ಹೊಳೆ ನೀರು. ತಾನಾಗಿ ಬರುತ್ತೆ, ತಾನಾಗಿ ಹೋಗುತ್ತೆ."

ಅಕ್ಕ ಬಾಯಿಗೆ ಅಡ್ಡ ಹಿಡಿದಿದ್ದ ಕೈ ಇಳಿಸಿದಳು. "ಹಂಗಾರೆ ಸರಿ ಫಾದರ್. ದಂಡ ಆಗಲ್ಲ" ಎಂದು ಕೂತಳು. ನಾನು ಚಿತ್ರವನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ತಿಂಗಳುಗಟ್ಟಲೆ ಎದೆಯ ಮೇಲಿದ್ದ ಚಪ್ಪಡಿಯೊಂದು ಎದ್ದು ಹೋಯಿತು.

ಮಾರನೆಯ ದಿನ ದೋಣಿಯಲ್ಲಿ ವಾಪಸು ಬರುವಾಗ ಅಕ್ಕ ನನ್ನ ಪಕ್ಕ ಕೂತಳು. ಮೌನ ಮುಗಿದಿತ್ತು, ಉಳಿದವರೆಲ್ಲ ಮೂರು ದಿನದ ಬಾಕಿ ಮಾತಾಡುತ್ತಿದ್ದರು.

"ಆವತ್ತು ತಾರಸಿ ಮೇಲೆ ಕೂಗ್ತಿದ್ದೆ ಕಣೋ" ಅಂದಳು. "ಕೆಳಗೆ ಅವರು ನನ್ನ ಕರೆದಿದ್ರೆ? ನನ್ನ ಕೂಗಿನ ಗದ್ದಲದಲ್ಲಿ ನನಗೇ ಕೇಳಿಸದೆ ಹೋಯ್ತೇನೋ ಅಂತ."

"ನಿದ್ದೇಲೇ ಹೋದ್ರು ಅಂತ ಡಾಕ್ಟರ್ ಹೇಳಲಿಲ್ವೇನಕ್ಕ?"

"ಹೇಳಿದ್ರು. ನಂಬಿರ್ಲಿಲ್ಲ." ನೀರಿಗೆ ಬೆರಳದ್ದಿದಳು. "ನಿನ್ನೆ ನಾನು ಎರಡು ಸಲ ಕೂಗಿದೆ. ನೀನು ಎದ್ದಿದ್ದು ಎರಡನೇ ಸಲಕ್ಕೆ. ಮೊದಲನೇ ಸಲ ಕೂಗುವಾಗ ಅಷ್ಟು ನೀರಿನ ಸದ್ದಲ್ಲೂ ನಿನ್ನ ಗೊರಕೆ ನನಗೆ ಕೇಳಿಸ್ತಿತ್ತು. ಅಂದ್ರೆ ನಿಮ್ಮ ಭಾವ ಕರೆದಿದ್ರೂ ಕೇಳಿಸ್ತಿತ್ತು, ಅಲ್ವೇನೋ? ಅವರು ಕರೀಲಿಲ್ಲ. ಮಲಗಿದ್ರು, ಅಷ್ಟೇ."

ನನ್ನ ಗೊರಕೆ ಅವಳು ಕೂತಿದ್ದ ಬೆಂಚಿನದೇ. ತಾರಸಿಗೂ ಭಾವ ಮಲಗಿದ್ದ ಕೋಣೆಗೂ ನಡುವೆ ಒಂದು ಇಡೀ ಕಾಂಕ್ರೀಟಿನ ಮೋಲ್ಡು ಇದೆ, ಹಾಕಿಸಿದವನೇ ನಾನು. ಬಾಯಿಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, "ಕೇಳಿಸ್ತಿತ್ತಕ್ಕ, ಖಂಡಿತ ಕೇಳಿಸ್ತಿತ್ತು" ಅಂದೆ. ಧ್ಯಾನಕೂಟದಿಂದ ನಾನು ಕಲಿತ ಮೌನ ಅಷ್ಟೇ, ಅದೊಂದೇ ಸಲ.

ಮನೆಗೆ ಬಂದ ಸಂಜೆಯೇ ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಂಡು, ಯಾರೂ ನೋಡದಾಗ ಆ ಸೆನ್ಸರಿನ ವೈರು ಬಿಚ್ಚಿಟ್ಟೆ. ಅದು "ಕೆಟ್ಟ" ಕತೆ ಇದು.

ಮಾರನೆಯ ಬೆಳಗ್ಗೆಯಿಂದಲೇ ತಾರಸಿಯ ಕೂಗು ಮತ್ತೆ ಶುರುವಾಯಿತು. ಇವತ್ತು ಮಾತ್ರ ನೀರು ಬೀಳುತ್ತಲೇ ಇತ್ತು, ಕೂಗು ಬರಲಿಲ್ಲ. ಕಾಫಿ ಮುಗಿಯಿತು, ಆದರೂ ಬರಲಿಲ್ಲ. ಲೋಟ ಕೆಳಗಿಟ್ಟು ಏಳುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಚಾಚಿ ಸ್ವಿಚ್ಚು ಆರಿಸಿತು. ಅಕ್ಕ. ತಾರಸಿಯಿಂದ ಇಳಿದು ನಮ್ಮ ಮನೆಯೊಳಗೇ ಬಂದಿದ್ದಳು. ಇನ್ನೊಂದು ಕೈಯಲ್ಲಿ ಸೆನ್ಸರಿನ ಬಿಚ್ಚಿದ ವೈರಿನ ತುದಿ ಹಿಡಿದಿದ್ದಳು.

"ದಿನಾ ನನ್ನ ಕೂಗಿಸಿ ಪರೀಕ್ಷೆ ಮಾಡ್ಬೇಡ ಕಣೋ. ಇದನ್ನ ಹಾಕ್ಸು, ನೀರು ಪಾಪ, ಸುಮ್ನೆ ದಂಡ. ನಾನು ಮಾತಾಡ್ತೀನಿ ಬಿಡು" ಅಂದಳು.

ಆಮೇಲೆ ಕುರ್ಚಿ ಎಳೆದು ಕೂತು, ಎರಡನೇ ಮಹಡಿಯವರ ನಾಯಿಯ ವಿಷಯ ಶುರು ಮಾಡಿದಳು. ನಾನು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅವಳ ಮಾತಿನ ನಡುವೆ ಅವನು ಹೇಳಿದ್ದು ನನಗೆ ಒಂದೂ ಕೇಳಿಸಲಿಲ್ಲ.