ಜೀಪಿನ ಕಟಕಟ, ನನ್ನ ಹಾಡು

ಗೆಳೆಯರೇ, ಇವತ್ತು ಬೆಳಿಗ್ಗೆ ಕೊಳಕೂರ ಹಾದಿಯ ಕೆಸರಿನಲ್ಲಿ ಆಟೋವೊಂದು ಹೂತಿತ್ತು. ಒಳಗಿದ್ದ ಗಂಗಮ್ಮಕ್ಕ ಕಣ್ಣಿನ ಆಪರೇಷನ್‌ಗೆ ಹತ್ತು ಗಂಟೆಯೊಳಗೆ ಜೇವರ್ಗಿ ಆಸ್ಪತ್ರೆ ಮುಟ್ಟಬೇಕಿತ್ತು.

"ಎಲ್ಲಾರೂ ಬಾಜೂಕ್ಕ ಸರೀರಿ, ನಂದು ನಾಕೂ ಗಾಲಿ ಎಳಿಯೋ ಜೀಪ್ ಐತಿ" ಎಂದು ಆಟೋಗೆ ಹಗ್ಗ ಕಟ್ಟಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತುಳಿದೆ. ಮುಂದಿನ ಗಾಲಿ ತಿರುಗಿಸುವ ಆಕ್ಸಲ್‌ನ ಜಾಯಿಂಟ್ ಫಟ್ಟೆಂದು ಮುರಿಯಿತು.

ಕೊನೆಗೆ ಜನರೇ ಆಟೋ ತಳ್ಳಿದರು. "ತಮ್ಮಾ, ನಿನ್ನ ಜೀಪಿಗೂ ಒಂದು ಆಟೋ ಕಳಸ್ಲೇನೋ?" ಎಂದು ಕೇಳಿ ಅಕ್ಕ ಹೋದಳು.

ಆಮೇಲೆ ಬಂದ ಗ್ಯಾರೇಜ್ ಮೇಸ್ತ್ರಿ ಬಗ್ಗಿ ನೋಡಿದ. "ಜಾಯಿಂಟಿನ ರಬ್ಬರ್ ಕವರ್ ಹರಿದು, ಗ್ರೀಸ್ ಹೋಗಿ ಮಣ್ಣು ತುಂಬೈತ್ರಿ. ಸ್ಟೇರಿಂಗ್ ತಿರುಗಿಸಿದ್ರ ಕಟಕಟ ಅಂತಿದ್ದಿಲ್ಲೇನ್ರಿ?"

"ಅಂತಿತ್ತು. ನಾ ಹಾಡಿನ ಸೌಂಡ್ ಹೆಚ್ಚ ಮಾಡ್ತಿದ್ದೆ."

ಹೊಸ ಜಾಯಿಂಟ್ ಹಾಕಿ ಅದಕ್ಕೆ ಗ್ರೀಸ್ ಹಚ್ಚಬೇಕೆಂದ. ನಾಳೆ ಊರಲ್ಲಿ ತೋರಿಸಬೇಕಾದ ಮುಖಕ್ಕೆ ಏನು ಹಚ್ಚಬೇಕೆಂದು ಮಾತ್ರ ಹೇಳಲಿಲ್ಲ.