ಏಳಲೊಲ್ಲದ ಸ್ಲೇಟು

ಮೂಡಿಗೆರೆ ಪೇಟೆಯಲ್ಲಿ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್ ಇತ್ತು. ಅಪ್ಪ ಕಟ್ಟಿದ್ದು. ಅಪ್ಪ ಹೋದಮೇಲೆ ಮಷೀನು, ಗಿರಾಕಿಗಳು, ವ್ಯವಹಾರ ಎಲ್ಲ ಅಣ್ಣನ ಪಾಲಿಗೆ ಬಂತು, ಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ. ಎಸ್ಟೇಟುಗಳ ಲೆಟರ್‌ಹೆಡ್ಡು, ಕಾಫಿ ಚೀಲದ ಲೇಬಲ್ಲು, ಮದುವೆ ಕಾರ್ಡು ಇವಕ್ಕೆಲ್ಲ ಹೂವು, ಬಳ್ಳಿ, ಅಂಚು ಬರೆದು ಕೊಡುತ್ತಿದ್ದವಳು ನಾನು. ನನಗೆ ಮೂವತ್ತು ದಾಟಿತ್ತು. ಮದುವೆ ಆಗಿರಲಿಲ್ಲ. ಇವೆರಡನ್ನೂ ನಾನೇ ಮರೆತುಬಿಟ್ಟಿದ್ದೇನೋ ಅನ್ನುವ ಹಾಗೆ ಊರಿನವರು ಆಗಾಗ ನೆನಪು ಮಾಡಿಕೊಡುತ್ತಿದ್ದರು.

ಆ ಸ್ಲೇಟು ಬಂದದ್ದು ಮಲ್ಲಂದೂರು ಕಡೆಯ ಒಬ್ಬ ಎಸ್ಟೇಟ್ ಮಾಲೀಕರಿಂದ. ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷ ಆಗಿರಬೇಕು. ಅದರ ಹೆಸರು ಟ್ಯಾಬ್ಲೆಟ್ ಕಂಪ್ಯೂಟರ್. ಈಗಿನವುಗಳ ಹಾಗೆ ತೆಳ್ಳಗೆ, ಚೆಂದಕ್ಕೆ ಇರಲಿಲ್ಲ. ಒಳ್ಳೇ ರಾಗಿ ಬೀಸುವ ಕಲ್ಲಿನಂತೆ ದಪ್ಪ, ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತಿತ್ತು. ಕೀಲಿಮಣೆ ಇಲ್ಲ, ಗಾಜಿನ ಮೇಲೆ ಅದರದ್ದೇ ಪೆನ್ನಿನಲ್ಲಿ ಬರೆಯಬೇಕು. ತೋಟದ ನಕ್ಷೆ ಬರೆಯೋಣ ಎಂದು ಅವರು ತರಿಸಿದ್ದರಂತೆ. ಎರಡೇ ತಿಂಗಳಿಗೆ ಬೇಜಾರು ಬಂದಿತ್ತು.

"ನೀವು ಚಿತ್ರ ಬರೀತೀರಲ್ಲ, ಇಟ್ಕೊಳ್ಳಿ. ನಮ್ಮ ಕಾಫಿಪುಡಿಗೆ ಒಂದು ಒಳ್ಳೇ ಲೇಬಲ್ ಮಾಡ್ಕೊಡಿ, ಸಾಕು," ಅಂದರು.

ಮನೆಯಲ್ಲಿ ಅಮ್ಮ ಅದಕ್ಕೆ ಸ್ಲೇಟು ಎಂದಳು, ಅದೇ ಹೆಸರು ಉಳಿಯಿತು. ಅಣ್ಣನಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅಷ್ಟುಹೊತ್ತಿಗೆ ಅವನು ಶಿವಕಾಶಿಯಿಂದ ರೆಡಿಮೇಡ್ ಕಾರ್ಡುಗಳ ಆಲ್ಬಮ್ ತರಿಸಿಕೊಂಡಿದ್ದ. ಗಣಪತಿ, ಕಳಶ, ಜರಿ ಅಂಚು ಎಲ್ಲ ಮೊದಲೇ ಅಚ್ಚಾಗಿ ಬರುತ್ತಿತ್ತು, ಹೆಸರು ಹೊಡೆದರೆ ಮುಗಿಯಿತು. "ಚಿತ್ರ ಬರೆಯೋ ಕಾಲ ಹೋಯ್ತು ಕಣೇ," ಎನ್ನುತ್ತಿದ್ದ. ನಾನು ಬರೆಯುತ್ತಲೇ ಇರುತ್ತಿದ್ದೆ. ಅದೇ ನನ್ನ ಉತ್ತರ.

ಹೀಗಿರುವಾಗ ಆ ಮಳೆಗಾಲದ ಶುರುವಿನಲ್ಲಿ ಒಬ್ಬ ಹೆಂಗಸು ಪ್ರೆಸ್ಸಿಗೆ ಬಂದಳು. ಕೊಟ್ಟಿಗೆಹಾರದ ಹತ್ತಿರ ನರ್ಸ್ ಆಗಿದ್ದವಳು. ಮೊದಲ ಗಂಡ ತೀರಿಹೋಗಿದ್ದ. ಈಗ ಕೊಟ್ಟಿಗೆಹಾರದಲ್ಲೇ ಸಣ್ಣ ಹೋಟೆಲು ನಡೆಸುವವನನ್ನು ಮದುವೆ ಆಗುವವಳಿದ್ದಳು. ಒಂದು ಸಲ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಬಸ್ಸು ಮುಂದೆ ಹೋಗದೆ, ಇಡೀ ದಿನ ಇವಳು ಅವನ ಹೋಟೆಲಿನ ಬೆಂಚಿನ ಮೇಲೆ ಕಳೆದಿದ್ದಳಂತೆ. ಕಾರ್ಡಿನ ಮೇಲೆ ಆ ಹೋಟೆಲು, ಆ ಮಂಜು, ಆ ನಿಂತ ಬಸ್ಸು ಬೇಕು ಎಂದಳು.

ಅಣ್ಣ ಆಲ್ಬಮ್ ಮುಂದಕ್ಕೆ ತಳ್ಳಿದ. "ಎರಡನೇ ಮದುವೆ ಅಂತೀರಿ. ಸಿಂಪಲ್ಲಾಗಿ ಇದ್ರಲ್ಲೇ ಒಂದು ನೋಡಿ."

ಅವಳು ಆಲ್ಬಮ್ ತೆರೆಯಲೇ ಇಲ್ಲ. "ಮೊದಲನೇ ಸಲ ನನ್ನನ್ನ ಯಾರೂ ಏನೂ ಕೇಳ್ಲಿಲ್ಲ. ಕಾರ್ಡು ಅಚ್ಚಾದ ಮೇಲೆ ತೋರಿಸಿದ್ರು. ಈ ಸಲ ನಾನೇ ಹೇಳಿ ಮಾಡಿಸ್ತೀನಿ," ಎಂದು ನನ್ನ ಕಡೆ ತಿರುಗಿದಳು. "ನೀವು ಬರೀತೀರಾ?"

ಬರೆದೆ. ಅಷ್ಟು ಆಸೆಪಟ್ಟು ನಾನು ಯಾವ ಕಾರ್ಡನ್ನೂ ಬರೆದಿರಲಿಲ್ಲ. ಬಸ್ಸಿನಲ್ಲಿ ಕೊಟ್ಟಿಗೆಹಾರಕ್ಕೆ ಹೋಗಿ ಆ ಹೋಟೆಲಿನ ಎದುರು ಕೊಡೆ ಹಿಡಿದು ನಿಂತು ನೋಡಿ ಬಂದೆ. ಸ್ಲೇಟಿನಲ್ಲಿ ಮಂಜು ಬರೆಯುವುದು ಕಷ್ಟ. ಪದರದ ಮೇಲೆ ಪದರ ಬಿಳಿ ಹಚ್ಚಿ, ಮತ್ತೆ ಅಲ್ಲಲ್ಲಿ ಒರೆಸಿ ಬಸ್ಸು ಅರ್ಧ ಕಾಣುವ ಹಾಗೆ ಮಾಡಬೇಕು. ದಿನಗಟ್ಟಲೆ ಹಿಡಿಯಿತು. ಇನ್ನೇನು ಹೆಸರು ಕೂರಿಸಿದರೆ ಆಯಿತು ಎನ್ನುವಾಗ, ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಸ್ಲೇಟು ಏಳಲಿಲ್ಲ.

ಹಸಿರು ದೀಪ ಹತ್ತಿತು, ಒಳಗೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಆರಿಸಿ ಮತ್ತೆ ಹಾಕಿದೆ. ಕಪ್ಪು. ಚಾರ್ಜರ್ ಕಿತ್ತು ಬೇರೆ ಪ್ಲಗ್ಗಿಗೆ ಸಿಕ್ಕಿಸಿದೆ. ಕಪ್ಪೇ. ಚಿತ್ರದ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

"ನಾನು ಅವತ್ತೇ ಹೇಳಿದ್ದೆ," ಎಂದ ಅಣ್ಣ. ಅವನ ದನಿಯಲ್ಲಿ ಬೇಸರ ಇರಲಿಲ್ಲ.

ಸ್ಲೇಟನ್ನು ಟವೆಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಚಿಕ್ಕಮಗಳೂರಿಗೆ ಒಯ್ದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯವನು ಗುಂಡಿ ಒಂದು ಸಲ ಒತ್ತಿದ, ಪರದೆ ನೋಡಿದ, ವಾಪಸ್ಸು ನನ್ನ ಕಡೆಗೆ ಸರಿಸಿದ.

"ಬೋರ್ಡ್ ಹೋಗಿದೆ ಮೇಡಂ."

"ಬಿಚ್ಚಿ ನೋಡ್ದೆ ಹೇಗೆ ಗೊತ್ತಾಯ್ತು?"

"ಇಂಥವು ನಮ್ಮ ಕಡೆ ಯಾರ ಹತ್ರನೂ ಇಲ್ಲ. ಪಾರ್ಟ್ಸ್ ಸಿಗಲ್ಲ. ಏನ್ಮಾಡ್ತೀರಿ ಇದ್ರಲ್ಲಿ?"

"ಚಿತ್ರ ಬರೀತೀನಿ."

"ಚಿತ್ರ ತಾನೇ," ಎಂದು ನಕ್ಕ. "ಪೇಪರ್ ಮೇಲೆ ಬರೀರಿ."

ಆಲ್ದೂರು ದಾಟುವವರೆಗೂ ಬಸ್ಸಿನಲ್ಲಿ ನನ್ನ ಕಿವಿ ಬಿಸಿಯಾಗಿಯೇ ಇತ್ತು. ಮನೆಗೆ ಬಂದರೆ ಅಣ್ಣನದೂ ಅದೇ ಮಾತು. "ಪೇಪರ್ ಮೇಲೆ ಇನ್ನೊಂದ್ಸಲ ಬರ್ದುಬಿಡು. ಇಲ್ಲಾಂದ್ರೆ ಆಯಮ್ಮನಿಗೆ ಫೋನ್ ಮಾಡಿ ಆಲ್ಬಮ್ಮಲ್ಲಿ ಒಂದು ಆರಿಸ್ಕೊಳ್ಳೋಕೆ ಹೇಳ್ತೀನಿ."

"ಬರೆಯಲ್ಲ," ಅಂದೆ. "ಬರೆಯೋಕೆ ಬರಲ್ಲ ಅಂತ ಅಲ್ಲ. ಬರೆಯಲ್ಲ. ನನ್ನ ಚಿತ್ರ ಅದ್ರೊಳಗಿದೆ. ನಾನು ಅದನ್ನ ತೆಗೀತೀನಿ. ನೀನು ಫೋನ್ ಮಾಡ್ಬೇಡ."

ಅಷ್ಟು ಜೋರಾಗಿ ನಾನು ಅಣ್ಣನ ಹತ್ತಿರ ಅದುವರೆಗೆ ಮಾತಾಡಿರಲಿಲ್ಲ. ಅವನು ಮೊದಲು ಅಮ್ಮನ ಮುಖ ನೋಡಿದ. ಅಮ್ಮ ಹಲಸಿನ ಬೀಜ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಪ್ರೆಸ್ಸಿಗೆ ಹೋದಮೇಲೆ ಕೈ ಒರೆಸಿಕೊಂಡು ಬಂದು ನನ್ನ ಎದುರು ಕೂತಳು.

"ಬಿಚ್ಚು," ಎಂದಳು.

"ಹಾಳಾದ್ರೆ?"

"ಹೋಗಿದೆ ಅಂತ ಅವ್ನೇ ಹೇಳಿದ್ನಲ್ಲ. ಸತ್ತಿದ್ದನ್ನ ಇನ್ನೇನು ಸಾಯಿಸ್ತೀಯ?"

ನಮ್ಮಮ್ಮ ಮಿಕ್ಸಿ ನಿಂತರೆ ತಾನೇ ಬಿಚ್ಚುವವಳು. ಒಂದೊಂದು ಸಲ ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಮಿಗುತ್ತಿದ್ದವು, ಮಿಕ್ಸಿ ಮಾತ್ರ ತಿರುಗುತ್ತಿತ್ತು. ಆದರೆ ಸ್ಲೇಟಿನ ಸ್ಕ್ರೂಗಳು ಸಾಸಿವೆಯಷ್ಟು ಸಣ್ಣವು. ವಾಚ್ ರಿಪೇರಿ ಅಂಗಡಿಗೆ ಹೋಗಿ ಸ್ಕ್ರೂಡ್ರೈವರ್ ಕೇಳಿದೆ. "ಯಾವ ವಾಚಿಗೆ?" ಎಂದರು. "ದೊಡ್ಡ ವಾಚಿಗೆ," ಎಂದು ತಂದೆ.

ಮೊದಲು ಬ್ಯಾಟರಿ ತೆಗೆದೆ. ಬ್ಯಾಟರಿ ಇಲ್ಲದೆ, ಚಾರ್ಜರೂ ಇಲ್ಲದೆ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದೆ, ಒಳಗೆ ಉಳಿದ ಕರೆಂಟು ಹೋಗಲಿ ಎಂದು. ಆಮೇಲೆ ಬರೀ ಚಾರ್ಜರ್ ಸಿಕ್ಕಿಸಿ ಒತ್ತಿದೆ. ಹಸಿರು ದೀಪ, ಫ್ಯಾನು, ಕಪ್ಪು ಪರದೆ. ನನಗೆ ಅಳು ಬರುವ ಹಾಗಾಯಿತು. ಆಗ ಅಮ್ಮ ಬಗ್ಗಿ ಕಿವಿ ಕೊಟ್ಟಳು.

"ಅದೇನೋ ಹೇಳ್ತಿದೆ ಕಣೇ."

ಕೇಳಿದೆ. ಹೌದು, ಒಳಗಿಂದ ಸಣ್ಣಗೆ ಕುಂಯ್ ಕುಂಯ್ ಎನ್ನುವ ಸದ್ದು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಪ್ರೆಸ್ಸಿನ ಗದ್ದಲದಲ್ಲಿ, ಚಿಕ್ಕಮಗಳೂರಿನ ಅಂಗಡಿಯ ಗದ್ದಲದಲ್ಲಿ ಅದು ಕೇಳಿಸಿರಲೇ ಇಲ್ಲ. ನನಗೆ ಹಿಂದೊಮ್ಮೆ ನಮ್ಮ ಪ್ರೆಸ್ಸಿನ ಕಂಪ್ಯೂಟರ್ ಹೀಗೇ ಕೂಗಿದ್ದು ನೆನಪಾಯಿತು. ರಿಪೇರಿಗೆ ಬಂದವರು ಒಳಗಿಂದ ಬೆರಳುದ್ದದ ಒಂದು ಹಸಿರು ಪಟ್ಟಿ ಕಿತ್ತು, ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ್ದರು. ಅದಕ್ಕೆ ರ್‍ಯಾಮ್ ಅಂತಾರೆ, ಕೆಲಸ ಮಾಡುವಾಗಿನ ನೆನಪು ಇರೋದು ಅಲ್ಲೇ, ಫೈಲುಗಳು ಬೇರೆ ಕಡೆ ಇರುತ್ವೆ, ಅದು ಸಿಗದಿದ್ರೆ ಏಳಲ್ಲ ಎಂದಿದ್ದರು.

ಚಾರ್ಜರ್ ಕಿತ್ತು ಸ್ಲೇಟನ್ನು ಬೋರಲು ಹಾಕಿದೆ. ಬೆನ್ನಿನಲ್ಲಿ ಒಂದು ಪುಟ್ಟ ಮುಚ್ಚಳ ಇತ್ತು. ಬಿಚ್ಚಿದೆ. ಅಂಥದೇ ಪಟ್ಟಿ ಎರಡು, ಒಂದರ ಪಕ್ಕ ಒಂದು. ಒಂದರ ಹಲ್ಲು ಕಪ್ಪಿಟ್ಟಿದ್ದವು, ಅಂಚಿನಲ್ಲಿ ಹಸಿರು ಕಿಲುಬು. ನಮ್ಮೂರಿನ ಮಳೆಗಾಲ ಚಪ್ಪಲಿಗೆ, ಬೆಲ್ಟಿಗೆ, ಅಪ್ಪನ ಫೋಟೋದ ಚೌಕಟ್ಟಿಗೆ ಬೂಷ್ಟು ಹಿಡಿಸುವಂಥದ್ದು, ಇದನ್ನು ಬಿಟ್ಟೀತೇ! ನನ್ನ ಡ್ರಾಯಿಂಗ್ ರಬ್ಬರ್ ತೆಗೆದುಕೊಂಡು ಮೆಲ್ಲಗೆ ಉಜ್ಜಿದೆ. ಅಮ್ಮ ಟಾರ್ಚು ಹಿಡಿದಳು. "ಇನ್ನೂ ಆ ಮೂಲೆ," "ಅಲ್ಲಿ, ಅಲ್ಲಿ," ಎಂದು ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ತೋರಿಸುತ್ತಿದ್ದಳು.

ಸಿಕ್ಕಿಸಿದೆವು, ಒತ್ತಿದೆವು. ಮತ್ತೆ ಕುಂಯ್ ಕುಂಯ್.

"ಒಳಗಡೆ ಥಂಡಿ ಆಗಿದೆ," ಎಂದಳು ಅಮ್ಮ. "ಕಾರ್ಡಿನ ಬೀರುವಿನಲ್ಲಿಡು."

ಮಳೆಗಾಲದಲ್ಲಿ ಕಾರ್ಡು ಮೆತ್ತಗಾಗದಿರಲಿ ಎಂದು ಪ್ರೆಸ್ಸಿನಲ್ಲಿ ಕಾಗದದ ಬೀರುವಿನೊಳಗೆ ಹಗಲೂರಾತ್ರಿ ಒಂದು ಬಲ್ಬು ಉರಿಯುತ್ತಿತ್ತು. ಮುಚ್ಚಳ ತೆಗೆದ ಸ್ಲೇಟನ್ನು ಅದರ ಕೆಳಗಿನ ಅಡ್ಡಹಲಗೆಯಲ್ಲಿ, ಶಿವಕಾಶಿ ಕಾರ್ಡಿನ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ ಇಟ್ಟೆ. ಅಣ್ಣ ನೋಡಿದ.

"ಅದ್ಯಾಕೆ ಅಲ್ಲಿ?"

"ಒಣಗೋಕೆ."

"ಹುಚ್ಚು ಹಿಡಿದಿದೆ ನಿಂಗೆ."

"ಇರ್ಲಿ. ಕದ ಹಾಕು, ಥಂಡಿ ಹೋಗುತ್ತೆ."

ಅವನು ಕದ ಹಾಕಿದ. ಈಗಲೂ ಅದು ನನಗೆ ನೆನಪಿದೆ, ಗೊಣಗುತ್ತಲೇ ಹಾಕಿದ, ಆದರೆ ಸರಿಯಾಗಿ ಒತ್ತಿ ಹಾಕಿದ.

ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಮಷೀನು ನಿಂತು, ಅಮ್ಮ ಬುತ್ತಿ ತಂದಾಗ ಅದನ್ನು ಹೊರಗೆ ತೆಗೆದೆ. ಈ ಸಲ ಎರಡೂ ಪಟ್ಟಿ ಹಾಕಲಿಲ್ಲ. ಚೆನ್ನಾಗಿದ್ದ ಒಂದನ್ನು ಮಾತ್ರ ಸಿಕ್ಕಿಸಿ, ಕಿಲುಬು ಹಿಡಿದಿದ್ದನ್ನು ಹೊರಗೇ ಬಿಟ್ಟೆ. ಗುಂಡಿ ಒತ್ತಿ ಕಿವಿ ಇಟ್ಟೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಪರದೆಯ ಮೇಲೆ ಬಿಳಿ ಅಕ್ಷರಗಳು ಒಂದೊಂದೇ ಸಾಲು ಬಂದವು. ಅಮ್ಮ "ಬಂತು!" ಎಂದು ಕೂಗಿದ್ದಕ್ಕೆ ಪಕ್ಕದ ಬಟ್ಟೆ ಅಂಗಡಿಯವರು ಯಾರು ಬಂದರೋ ಎಂದು ಹೊರಗೆ ಬಂದು ನೋಡಿದರು.

ಅರ್ಧ ನೆನಪಿನಲ್ಲಿ ಎದ್ದ ಸ್ಲೇಟು ತುಂಬ ನಿಧಾನ. ನನ್ನ ಚಿತ್ರ ತೆರೆಯುವಷ್ಟರಲ್ಲಿ ನಾನು ಒಂದು ಲೋಟ ಕಾಫಿ ಮುಗಿಸಿದ್ದೆ. ಆದರೆ ತೆರೆಯಿತು. ಮಂಜು, ಹೋಟೆಲು, ಅರ್ಧ ಕಾಣುವ ಬಸ್ಸು, ಎಲ್ಲ ಇಟ್ಟ ಹಾಗೇ ಇತ್ತು. ಮೊದಲು ಪೆನ್ ಡ್ರೈವಿಗೆ ಹಾಕಿಕೊಂಡೆ. ಹೆಸರು ಕೂರಿಸಿದೆ. ಅಣ್ಣನ ಮೇಜಿನ ಮೇಲೆ ಪೆನ್ ಡ್ರೈವ್ ಇಟ್ಟು, "ಹೊಡಿ," ಅಂದೆ.

ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. ಹೊಗಳಲಿಲ್ಲ. "ಈ ಮಂಜಿಗೆ ಹೊಳಪಿನ ಕಾರ್ಡು ಆಗಲ್ಲ, ಮಬ್ಬು ಕಾಗದ ಬೇಕು," ಎಂದು ಎದ್ದು ಹೋಗಿ, ಅಪ್ಪನ ಕಾಲದಿಂದ ಯಾರಿಗೂ ಕೊಡದೆ ಇಟ್ಟಿದ್ದ ದಪ್ಪ ಕಾಗದದ ಕಟ್ಟು ಬಿಚ್ಚಿದ.

ಕಾರ್ಡು ಒಯ್ಯಲು ಆ ನರ್ಸು ತಾನು ಮದುವೆ ಆಗುವವನನ್ನೂ ಕರೆದುಕೊಂಡು ಬಂದಳು. ಅವಳು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಒಯ್ದಳು. ಅವನು ಮಾತ್ರ ಕಣ್ಣು ಕಿರಿದು ಮಾಡಿ ನೋಡಿ, "ನಮ್ಮ ಒಲೆಯ ಹೊಗೆಗೂಡು ಬಲಗಡೆ ಇರೋದು. ಇಲ್ಲಿ ಎಡಕ್ಕೆ ಬಂದಿದೆ," ಎಂದ.

"ಸುಮ್ನಿರಿ ಮಾರಾಯ್ರೇ," ಎಂದಳು ಅವಳು. "ಬೆಂಚಿನ ಮೇಲೆ ಕೂತು ದಿನಪೂರ್ತಿ ನೋಡಿದ್ದು ನಾನು. ಎಡಕ್ಕೇ ಇತ್ತು."

"ನನ್ನ ಹೋಟೆಲು, ನಂಗೆ ಗೊತ್ತಿಲ್ವಾ?"

ಇಬ್ಬರೂ ನನ್ನ ಕಡೆ ತಿರುಗಿದರು. ಅಣ್ಣನೂ ಮಷೀನು ಬಿಟ್ಟು ನೋಡುತ್ತಿದ್ದ.

"ನಾನು ಬಂದು ನೋಡಿ ಬರೆದಿದ್ದು," ಅಂದೆ. "ಬದಲಾಯಿಸಲ್ಲ. ಬೇಕಾದ್ರೆ ಗೂಡನ್ನೇ ಕಿತ್ತು ಎಡಕ್ಕೆ ಕಟ್ಟಿಸ್ಕೊಳ್ಳಿ."