ಕೈ ತಾಗಲಿ, ಆಮೇಲೆ ಹಾರು

ಮನೆಯಲ್ಲಿ ಕೂತು ಗಡಿಯಾರ ನೋಡುವುದು ನನ್ನಿಂದಾಗದ ಕೆಲಸ. ಮಗಳು ಸಹನಾ ಪರದೇಶದ ಈಜು ಸ್ಪರ್ಧೆಯಲ್ಲಿ ಮಹಿಳೆಯರ ಫ್ರೀಸ್ಟೈಲ್ ರಿಲೇ ಫೈನಲ್‌ಗೆ ಇಳಿಯುವ ದಿನ ಅದು. ಅಲ್ಲಿ ಸಂಜೆ, ನಮಗೆ ಮಧ್ಯಾಹ್ನ. ಅಲ್ಲಿಯವರೆಗೆ ನಾನು ಅರಸೀಕೆರೆಯ ಮನೆಯಲ್ಲೇ ಇದ್ದಿದ್ದರೆ ಪಾತ್ರೆಗಳಿಗೆ ಉಳಿಗಾಲವಿರಲಿಲ್ಲ. ಹಿಂದಿನ ದಿನ ಬಾಣಾವರದಿಂದ ರೈಲಿನಲ್ಲಿ ಬಂದಿದ್ದ ಅವ್ವ ನನ್ನ ಅವಸ್ಥೆ ನೋಡಿ, "ಹಿಂಗೆ ಒದ್ದಾಡೋ ಬದ್ಲು ಹಳೇಬೀಡು, ಬೇಲೂರು ನೋಡ್ಕೊಂಡು ಬರಾನ ನಡಿಯೇ. ಫೋನು ಅಲ್ಲೂ ನಡೀತದಲ್ಲ?" ಎಂದಳು.

ಬಸ್ ನಿಲ್ದಾಣದಲ್ಲಿ ಇಡ್ಲಿ ತಿಂದು ಜಾವಗಲ್ ದಾರಿಯ ಬಸ್ಸಿಗೆ ಓಡಿದೆವು. ಓಡಿದ್ದು ನಾನು ಮಾತ್ರ. ಅವ್ವ ಬಾಗಿಲ ಕಂಬಿ ಹಿಡಿದು ನಿಂತೇಬಿಟ್ಟಳು. ತನಗಿಂತ ಮೊದಲು ಹತ್ತುತ್ತಿದ್ದ ಹೆಂಗಸಿನ ಎರಡೂ ಕಾಲು ಒಳಗೆ ಹೋಗುವವರೆಗೆ ಇವಳು ಮೆಟ್ಟಿಲಿಗೆ ಕಾಲಿಡುವುದಿಲ್ಲ. ಹಿಂದಿದ್ದವರು "ಬೇಗ ಹತ್ತಮ್ಮೋ" ಎಂದು ಕೂಗಿದರು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಸೀಟು ಸಿಗುವುದೇ ಪುಣ್ಯ, ಸಿಗಬಹುದಾಗಿದ್ದದ್ದೂ ತಪ್ಪಿತು. ಜಾವಗಲ್‌ವರೆಗೆ ನಿಂತುಕೊಂಡೇ ಹೋದೆವು.

"ಇದೆಂಥ ಅಭ್ಯಾಸ ಅವ್ವ?" ಎಂದು ಸಿಡುಕಿದೆ.

"ಬಾವಿ ಅಭ್ಯಾಸ ಕಣೇ, ಹೋಗಲ್ಲ" ಎಂದಳು ತಣ್ಣಗೆ.

ಸಹನಾಳ ಮೇಲೆ ಕೋಚ್‌ಗಿದ್ದ ದೂರೂ ಇದೇ. ರಿಲೇಯಲ್ಲಿ ನಾಲ್ವರು ಒಬ್ಬರಾದ ಮೇಲೊಬ್ಬರು ಈಜಬೇಕು. ನೀರಲ್ಲಿರುವವಳು ಗೋಡೆ ಮುಟ್ಟುವ ಹೊತ್ತಿಗೆ ಸರಿಯಾಗಿ ಮೇಲಿರುವವಳ ಕಾಲು ಕಟ್ಟೆ ಬಿಡಬೇಕು. ನನ್ನ ಮಗಳು ಮಾತ್ರ ಮುಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಾರುತ್ತಾಳೆ. ಈ ಸಲವೂ ತಡ ಮಾಡಿ ಪದಕ ತಪ್ಪಿಸಿದರೆ ಮುಂದೆ ತಂಡದಲ್ಲಿ ಜಾಗವಿಲ್ಲ ಎಂದು ಹೇಳಿಯೇ ಅವಳನ್ನು ಕರೆದೊಯ್ದಿದ್ದರು. ಹನ್ನೆರಡು ವರ್ಷ ಬೆಳಗಿನ ಜಾವ ಎದ್ದು ಕೊಳಕ್ಕೆ ಇಳಿದವಳು. ಆ ಜಾಗ ಹೋದರೆ ಅವಳು ಹೇಗೆ ತಡೆದುಕೊಳ್ಳುತ್ತಾಳೋ ಎಂಬುದೇ ನನ್ನ ಚಿಂತೆ.

ಹಳೇಬೀಡಿನಲ್ಲಿ ಮೋಡ ಕವಿದಿತ್ತು, ಕಲ್ಲುಹಾಸು ಕಾಲು ಸುಡಲಿಲ್ಲ. ಶಾಲೆಯ ಮಕ್ಕಳ ಗದ್ದಲದ ನಡುವೆ ದೇವಸ್ಥಾನ ಸುತ್ತಿದೆವು. ನಾನು ಗೋಡೆಯ ಆನೆಗಳನ್ನು ನೋಡಿದ್ದಕ್ಕಿಂತ ಫೋನ್ ನೋಡಿದ್ದೇ ಹೆಚ್ಚು. ಅಲ್ಲಿಂದ ಆಟೋದಲ್ಲಿ ಹುಲಿಕೆರೆಯ ಕಲ್ಯಾಣಿಗೆ ಹೋದೆವು. ಮೆಟ್ಟಿಲ ಮೇಲೆ ಕೂತ ಅವ್ವನ ಮುಖ ಅರಳಿತು. ಜಡೆ ಬಿಚ್ಚಿಹೋಗಿತ್ತು, ನಾನೇ ಹೆಣೆದೆ. ಅವಳ ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಚಿಕ್ಕಂದಿನಲ್ಲಿ ಎತ್ತಿನಗಾಡಿಯಿಂದ ಬಿದ್ದದ್ದು ಎಂದೇ ನಾನು ತಿಳಿದಿದ್ದೆ. "ಗಾಡಿಯಿಂದ ಬಿದ್ದದ್ದು ಇನ್ನೂ ನೋಯುತ್ತಾ ಅವ್ವ?" ಎಂದೆ.

"ಗಾಡಿಯಿಂದ ಅಲ್ಲ ಕಣೇ. ತ್ವಾಟದ ಬಾವೀಲಿ ನಾವು ಹುಡುಗೀರು ಆಡ್ತಿದ್ವಿ. ಒಬ್ಳು ಈಜ್ಕೊಂಡು ಬಂದು ಕಲ್ಲು ಮುಟ್ಟಬೇಕು, ಇನ್ನೊಬ್ಳು ಹಾರಬೇಕು. ನಾನಿನ್ನೂ ಮುಟ್ಟೇ ಇರ್ಲಿಲ್ಲ, ನಿಂಗಿ ಹಾರ್ಬುಟ್ಲು. ನನ್ನ ಭುಜದ ಮ್ಯಾಲೇ ಬಿದ್ಲು. ಈಜಿಗೆ ಹೋಗಿದ್ದು ಗೊತ್ತಾದ್ರೆ ಅಪ್ಪ ಬಡೀತಾನೆ ಅಂತ ಗಾಡಿ ಸುಳ್ಳು ಹೇಳ್ದೆ."

ಸಹನಾಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅದೇ ಬಾವಿಯಲ್ಲಿ ಈಜು ಕಲಿಸಿದವಳು ಅವ್ವ. ಬೇಸಿಗೆ ರಜೆಯಲ್ಲಿ ಕಟ್ಟೆಯ ಮೇಲೆ ನಿಂತು "ಕೈ ತಾಗ್ಲಿ, ಆಮ್ಯಾಕೆ ಹಾರು" ಎಂದು ಕೂಗುತ್ತಿದ್ದದ್ದು ಆಗ ನೆನಪಾಯಿತು. ಕೋಚ್ ಹೇಳಿದ್ದನ್ನು ಅವ್ವನಿಗೆ ತಿಳಿಸಿದೆ. ಅವಳ ಮುಖ ಸಣ್ಣದಾಯಿತು.

"ನನ್ನಿಂದ ಮಗೀಗೆ ತೊಂದ್ರೆ ಆಯ್ತೇನೇ?" ಎಂದಳು. ಬೇಲೂರಿನವರೆಗೂ ಎಡಭುಜ ನೀವಿಕೊಳ್ಳುತ್ತಲೇ ಕೂತಿದ್ದಳು.

ಬೇಲೂರಿನಲ್ಲಿ ದೇವಸ್ಥಾನದ ಬೀದಿಯ ಹೋಟೆಲೊಂದಕ್ಕೆ ಊಟಕ್ಕೆ ಹೋದೆವು. ನೀರಿನ ಜಗ್ಗಿಗೆ ಫೋನ್ ಒರಗಿಸಿಟ್ಟೆ. ಅನ್ನ, ಸಾರು, ಹುರುಳಿಕಾಯಿ ಪಲ್ಯ ಬಂದವು; ಇಬ್ಬರೂ ಕೈ ಹಾಕಲಿಲ್ಲ. ಹೋಟೆಲಿನ ಯಜಮಾನರು ವಿಷಯ ಕೇಳಿ, "ನಿಮ್ಮ ಮಗಳಾ? ಏ, ಆ ಮಿಕ್ಸಿ ನಿಲ್ಸ್ರೋ" ಎಂದು ನಮ್ಮ ಹಿಂದೆಯೇ ಬಂದು ನಿಂತರು.

ನಮ್ಮ ಮೂವರು ಹುಡುಗಿಯರು ಚೆನ್ನಾಗಿಯೇ ಈಜಿದರು. ಮೂರನೆಯವಳು ಪಕ್ಕದ ಸಾಲಿನವಳ ಸಮಕ್ಕೆ ಬರುತ್ತಿದ್ದಳು. ಕೊನೆಯವಳಾದ ಸಹನಾ ಕಟ್ಟೆಯ ಮೇಲೆ ಬಗ್ಗಿ ನಿಂತಿದ್ದಳು. ಪಕ್ಕದವಳು ಹಾರಿದಳು. ನನ್ನ ಮಗಳು ಹಾರಲಿಲ್ಲ. "ಹಾರೇ!" ಎಂದು ನಾನು ಕಿರುಚಿದೆ. ಗೋಡೆಗೆ ಕೈ ತಾಗಿತು, ಆಮೇಲೆ ಹಾರಿದಳು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಈಜಿದಳು, ಆದರೂ ಪಕ್ಕದವಳು ಸಿಗಲಿಲ್ಲ. ನಾಲ್ಕನೇ ಸ್ಥಾನ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮುಗಿಯಿತು ಎಂದುಕೊಂಡೆ.

ಫೋನ್ ತೆಗೆಯಲು ಕೈ ಚಾಚಿದಾಗ ಫಲಿತಾಂಶದ ಸಾಲುಗಳು ಅದಲುಬದಲಾದವು. ಪಕ್ಕದ ತಂಡದವಳು, ನೀರಲ್ಲಿದ್ದ ಜೊತೆಗಾತಿ ಗೋಡೆ ಮುಟ್ಟುವ ಮೊದಲೇ ಹಾರಿದ್ದಳಂತೆ. ಆ ತಂಡವನ್ನು ಹೊರಗಿಟ್ಟರು. ನಮ್ಮವರು ಮೂರನೆಯವರು, ಪದಕ! ನಾನು ಅತ್ತುಬಿಟ್ಟೆ. ಯಜಮಾನರು ಹೋಳಿಗೆ ತಂದು ಎಲೆಗೆ ಬಡಿಸಿ, "ಇದು ನಮ್ಮ ಕಡೆಯಿಂದ" ಎಂದರು. ಅವರ ಒಳ್ಳೆಯತನವನ್ನು ನಾನು ಮರೆಯಲಾರೆ.

ಸ್ವಲ್ಪ ಹೊತ್ತಿಗೆ ಸಹನಾಳೇ ಫೋನ್ ಮಾಡಿದಳು. "ಅಮ್ಮಾ, ಇನ್ಮೇಲೆ ಹಿಂಗೇ ಹಾರು ಅಂದ್ರು ಕೋಚ್! ಅಜ್ಜಿಗೆ ಕೊಡು."

ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ್ದು ಪದಕದ ಮಾತಲ್ಲ. "ಮಗಾ, ಆ ಪಕ್ಕದ ಹುಡುಗಿ ಮೊದ್ಲೇ ಹಾರಿದ್ಲಲ್ಲ, ನೀರಲ್ಲಿದ್ದೋಳಿಗೆ ಏಟು ಬಿತ್ತಾ?"

"ಇಲ್ಲ ಅಜ್ಜಿ, ಯಾರಿಗೂ ಏನೂ ಆಗಿಲ್ಲ."

"ಹಂಗಾದ್ರೆ ಸರಿ ಕಣವ್ವ" ಎಂದು ಅವ್ವ ಹೋಳಿಗೆ ಮುರಿದಳು.

ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಜಾವಗಲ್ ದಾಟುವಾಗ ಅವ್ವ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಅರಸೀಕೆರೆಯಲ್ಲಿ ಇಳಿಯುವಾಗ ಎಂದಿನಂತೆ ಬಾಗಿಲಲ್ಲಿ ಕಂಬಿ ಹಿಡಿದು ನಿಂತಳು. ಮುಂದಿದ್ದ ಮುದುಕರೊಬ್ಬರು ಇಳಿದು ಮುಗಿಸಿದ ಮೇಲೆಯೇ ಮೆಲ್ಲಗೆ ಮೆಟ್ಟಿಲಿಗೆ ಕಾಲಿಟ್ಟಳು. ನನ್ನ ಹಿಂದಿನಿಂದ ಯಾರೋ ನೂಕಿದರು, "ಬೇಗ ಇಳೀರಿ ಅಮ್ಮ" ಎಂದರು.

ನಾನು ಎರಡೂ ಕೈ ಕಂಬಿಗೆ ಕೊಟ್ಟು ಅಡ್ಡ ನಿಂತೆ. "ತಡೀರಿ, ನಮ್ಮವ್ವನ ಕಾಲು ನೆಲಕ್ಕೆ ತಾಗಲಿ" ಎಂದೆ.